ಪಾಪ್ ಆರ್ಟ್: ಕಂಡ ಚಿತ್ರ, ಕಾಣದ ಬಣ್ಣ

‘ಪಾಪ್ ಆರ್ಟ್’ ಎಂಬುದನ್ನು ಕನ್ನಡದಲ್ಲಿ ‘ಜನಪ್ರಿಯ ಕಲೆ’ ಎಂದು ಬರೆಯುವುದುಂಟು. ಪದಕ್ಕೆ ಪದ ಇಟ್ಟರೆ ತಪ್ಪೇನಿಲ್ಲ, ಅರ್ಥ ಮಾತ್ರ ಕೈಗೆ ಸಿಗುವುದಿಲ್ಲ. ಜನಪ್ರಿಯ ಕಲೆ ಎಂದರೆ ಕ್ಯಾಲೆಂಡರಿನ ಲಕ್ಷ್ಮಿ, ಸಿನಿಮಾ ಪೋಸ್ಟರು, ಬೆಂಕಿಪೊಟ್ಟಣದ ಮೇಲಿನ ಚಿತ್ರ. ಅಂಥ ಬೆಂಕಿಪೊಟ್ಟಣವನ್ನು ಗ್ಯಾಲರಿಯ ಕಲಾವಿದನೊಬ್ಬ ಕೈಗೆತ್ತಿಕೊಂಡು, ಆಳೆತ್ತರಕ್ಕೆ ಬರೆದು, ಗೋಡೆಗೆ ತೂಗುಹಾಕಿದಾಗ ಅದು ಪಾಪ್ ಆರ್ಟ್. ಮರ ನೋಡಿ ಮರ ಬರೆಯುವವನು ಈ ಪಂಥದವನಲ್ಲ. ಮರದ ಚಿತ್ರವಿರುವ ಲೇಬಲನ್ನು ನೋಡಿ ಆ ಲೇಬಲನ್ನೇ ಬರೆಯುವವನು ಈ ಪಂಥದವನು.

ತಮಾಷೆಯೆಂದರೆ ಈ ಗೊಂದಲ ಅನುವಾದದಲ್ಲಿ ಹುಟ್ಟಿದ್ದಲ್ಲ, ಪದದ ಬೆನ್ನಿಗೇ ಹುಟ್ಟಿದ್ದು. 1950ರ ದಶಕದ ಲಂಡನ್ನಿನಲ್ಲಿ ‘ಇಂಡಿಪೆಂಡೆಂಟ್ ಗ್ರೂಪ್’ ಎಂಬ ಹೆಸರಿನಲ್ಲಿ ಕೆಲವು ಕಲಾವಿದರು, ವಾಸ್ತುಶಿಲ್ಪಿಗಳು, ವಿಮರ್ಶಕರು ಕಲೆತು ಚರ್ಚೆ ನಡೆಸುತ್ತಿದ್ದರು. ಯುದ್ಧ ಮುಗಿದು ವರ್ಷಗಳಾಗಿದ್ದರೂ ಬ್ರಿಟನ್ನಿನಲ್ಲಿ 1954ರವರೆಗೆ ಆಹಾರಕ್ಕೆ ರೇಷನ್ ಇತ್ತು. ಅಂಥ ನಾಡಿಗೆ ಅಮೆರಿಕದಿಂದ ಬರುತ್ತಿದ್ದ ಪತ್ರಿಕೆಗಳ ನುಣುಪು ಹಾಳೆಗಳಲ್ಲಿ ಉದ್ದುದ್ದ ಕಾರು, ತುಂಬಿ ತುಳುಕುವ ಫ್ರಿಜ್ಜು, ಕೇಕು. ಆ ಜಾಹೀರಾತು, ಸಿನಿಮಾ, ಕಾಮಿಕ್ಸುಗಳನ್ನು ಇವರು ಗಂಭೀರವಾಗಿ ಪರಿಗಣಿಸಿದರು. ‘ಪಾಪ್’ ಎಂದು ಮೊದಲು ಕರೆದದ್ದು ಇವುಗಳನ್ನೇ ಹೊರತು ಇವುಗಳನ್ನು ಬಳಸಿ ಮಾಡಿದ ಕಲೆಯನ್ನಲ್ಲ. ವಿಮರ್ಶಕ ಲಾರೆನ್ಸ್ ಅಲೋವೇ 1958ರಲ್ಲಿ ಬರೆದದ್ದೂ ಆ ಅರ್ಥದಲ್ಲೇ. ಅಷ್ಟರಲ್ಲಿ ಪದ ಚಿತ್ರದೊಳಕ್ಕೂ ನುಗ್ಗಿಯಾಗಿತ್ತು: ಎಡ್ವಾರ್ಡೊ ಪವೊಲೋಟ್ಸಿ 1947ರಲ್ಲಿ ಮಾಡಿದ ಕೊಲಾಜಿನಲ್ಲಿ, ಎಂದರೆ ಅಚ್ಚಾದ ಚಿತ್ರಗಳನ್ನು ಕತ್ತರಿಸಿ ಅಂಟಿಸಿದ ಚಿತ್ರದಲ್ಲಿ, ಪಿಸ್ತೂಲಿನ ಬಾಯಿಂದ ‘ಪಾಪ್!’ ಎಂಬ ಸದ್ದು ಹೊರಬರುತ್ತದೆ. ರಿಚರ್ಡ್ ಹ್ಯಾಮಿಲ್ಟನ್‌ನ 1956ರ ಕೊಲಾಜಿನಲ್ಲಿ ಪೈಲ್ವಾನನೊಬ್ಬ ಹಿಡಿದು ನಿಂತ ಭಾರೀ ಲಾಲಿಪಾಪಿನ ಮೇಲೆ ಅದೇ ಪದ.

ಅಟ್ಲಾಂಟಿಕ್ ದಾಟಿದ ಮೇಲೆ ಅರ್ಥ ಮಗುಚಿಕೊಂಡಿತು. 1962ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಈ ಹೆಸರಿನಲ್ಲೇ ವಿಚಾರಗೋಷ್ಠಿ ನಡೆಸುವ ಹೊತ್ತಿಗೆ, ಪಾಪ್ ಎಂದರೆ ಸೂಪಿನ ಡಬ್ಬಿ, ಕೋಕ ಕೋಲಾ ಬಾಟಲಿ, ಕಾಮಿಕ್ಸಿನ ಅಳುವ ಹುಡುಗಿಯನ್ನು ಕ್ಯಾನ್ವಾಸಿಗೆ ಏರಿಸುವವರ ಕಲೆ ಎಂದಾಗಿತ್ತು. ಅದರ ಹಿಂದಿನ ತಲೆಮಾರು ಅಮೂರ್ತದ್ದು. ಬಣ್ಣವನ್ನು ಎರಚಿ, ಸುರಿದು, ಒಳಗಿನ ತಳಮಳವನ್ನೆಲ್ಲ ಕ್ಯಾನ್ವಾಸಿಗೆ ಇಳಿಸಿದ ಕಲಾವಿದರದು. ಅವರ ಕಣ್ಣಿಗೆ ಈ ಹೊಸಬರು ಅಂಗಡಿ ಬೋರ್ಡು ಬರೆಯುವವರಂತೆ ಕಂಡರು.

ಆ ಮೂದಲಿಕೆ ಒಬ್ಬನ ಮಟ್ಟಿಗೆ ಹೆಚ್ಚುಕಡಿಮೆ ನಿಜವೇ ಆಗಿತ್ತು. ಆ್ಯಂಡಿ ವಾರ್ಹೋಲ್ ಬಂದದ್ದೇ ಜಾಹೀರಾತಿನ ಕಸುಬಿನಿಂದ. ಈಗಿನ ಸ್ಲೊವಾಕಿಯಾದ ಹಳ್ಳಿಯೊಂದರಿಂದ ವಲಸೆ ಬಂದ ಬಡ ದಂಪತಿಗೆ 1928ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಹುಟ್ಟಿದವನು ಅವನು. ಬಾಲ್ಯದಲ್ಲಿ ಕೈಕಾಲು ತಾವಾಗಿ ಅದುರುವ ಕಾಯಿಲೆ ಬಂದು ಹಾಸಿಗೆ ಹಿಡಿದಾಗ ಅವನಿಗೆ ಜೊತೆಯಾದದ್ದು ಸಿನಿಮಾ ಪತ್ರಿಕೆಗಳು. ಭಾನುವಾರ ಚರ್ಚಿಗೆ ಹೋದರೆ ಅಲ್ಲಿ ಸಾಲುಸಾಲಾಗಿ ಸಂತರ ಪಟಗಳು. 1949ರಲ್ಲಿ ನ್ಯೂಯಾರ್ಕಿಗೆ ಬಂದು ಪತ್ರಿಕೆಗಳಿಗೆ, ಮುಖ್ಯವಾಗಿ ಚಪ್ಪಲಿ ಅಂಗಡಿಯೊಂದರ ಜಾಹೀರಾತುಗಳಿಗೆ ಚಿತ್ರ ಬರೆದು ಚೆನ್ನಾಗಿಯೇ ಸಂಪಾದಿಸಿದ. ಆಗ ಅವನು ಬಳಸುತ್ತಿದ್ದ ಒಂದು ಉಪಾಯ ಮುಂದಿನದಕ್ಕೆಲ್ಲ ಬೀಜದಂತಿದೆ. ಶಾಯಿ ಹೀರದ ಕಾಗದದ ಮೇಲೆ ಗೆರೆ ಎಳೆದು, ಅದು ಒಣಗುವ ಮೊದಲೇ ಇನ್ನೊಂದು ಹಾಳೆಯನ್ನು ಒತ್ತಿ ಎತ್ತುತ್ತಿದ್ದ. ಪತ್ರಿಕೆಗೆ ಹೋಗುತ್ತಿದ್ದುದು ಅವನ ಕೈ ಎಳೆದ ಗೆರೆಯಲ್ಲ, ಆ ಗೆರೆ ಬಿಟ್ಟ ಗುರುತು. ಚಿತ್ರದ ಜೊತೆಗಿನ ಅಕ್ಷರಗಳನ್ನು ಎಷ್ಟೋ ಸಲ ತಾಯಿ ಜೂಲಿಯಾ ಬರೆದುಕೊಡುತ್ತಿದ್ದಳು. ತನ್ನ ಕೈಬರಹಕ್ಕೆ ತಾನೇ ಬೇಕಿಲ್ಲ ಎಂದುಕೊಂಡ ಕಲಾವಿದ!

1962ರ ಜುಲೈಯಲ್ಲಿ ಲಾಸ್ ಏಂಜಲೀಸಿನ ಫೆರಸ್ ಗ್ಯಾಲರಿಯಲ್ಲಿ ಅವನ 32 ಚಿತ್ರಗಳು ಪ್ರದರ್ಶನಗೊಂಡವು. ಕ್ಯಾಂಪ್‌ಬೆಲ್ ಕಂಪನಿ ಆಗ 32 ಬಗೆಯ ಸೂಪು ಮಾರುತ್ತಿತ್ತು. ಬಗೆಗೊಂದರಂತೆ 20 ಇಂಚು ಎತ್ತರ, 16 ಇಂಚು ಅಗಲದ ಚಿತ್ರಗಳು. ಗ್ಯಾಲರಿಯವರು ಅವನ್ನು ದಿನಸಿ ಅಂಗಡಿಯ ಹಾಗೆ ಗೋಡೆಯುದ್ದಕ್ಕೂ ಕಿರುಗೂಡಿನ ಮೇಲೆ ಜೋಡಿಸಿಟ್ಟರು. ಹತ್ತಿರದ ಇನ್ನೊಂದು ಗ್ಯಾಲರಿಯವರು ಕಿಟಕಿಯಲ್ಲಿ ನಿಜವಾದ ಡಬ್ಬಿಗಳನ್ನೇ ಪೇರಿಸಿ, ನಮ್ಮಲ್ಲಿ ಇನ್ನೂ ಅಗ್ಗ ಎಂದು ಗೇಲಿ ಮಾಡಿದರು. ಒಂದೊಂದಕ್ಕೆ 100 ಡಾಲರಿನಂತೆ ಮಾರಾಟವಾಗಿದ್ದ ಕೆಲವನ್ನು ಗ್ಯಾಲರಿಯ ಅರ್ವಿಂಗ್ ಬ್ಲಮ್ ಕೇಳಿಕೊಂಡು ವಾಪಸು ಪಡೆದ, ಇಡೀ ಗುಂಪನ್ನು 1,000 ಡಾಲರಿಗೆ ಕಂತಿನಲ್ಲಿ ತಾನೇ ಕೊಂಡ. ಇಂದು ಅವು ನ್ಯೂಯಾರ್ಕಿನ ಆ ಮ್ಯೂಸಿಯಮ್ಮಿನಲ್ಲಿವೆ. ಹತ್ತಿರ ಹೋಗಿ ನೋಡಿದವರಿಗೆ ಗೊತ್ತಾಗುತ್ತದೆ: ಯಂತ್ರದಿಂದ ಇಳಿದಂತೆ ಕಾಣುವ ಇವೆಲ್ಲ ಕೈಯಲ್ಲೇ ಬರೆದವು. ಡಬ್ಬಿಯ ಬುಡದ ಹೂವಿನ ಅಂಚನ್ನು ಕೈಯಲ್ಲಿ ಠಸ್ಸೆ ಒತ್ತಿ ಮೂಡಿಸಿದ್ದು. ಅದು ಅಲ್ಲಲ್ಲಿ ವಾಲಿದೆ.

ಕೈ ನಿಜವಾಗಿಯೂ ಹಿಂದೆ ಸರಿದದ್ದು ಅದೇ ವರ್ಷ ಅವನು ಸಿಲ್ಕ್‌ಸ್ಕ್ರೀನಿಗೆ ಬಂದಾಗ. ನಮ್ಮಲ್ಲಿ ಲಗ್ನಪತ್ರಿಕೆ, ಬಟ್ಟೆಚೀಲ ಮಾಡಿಸಿದವರಿಗೆ ಸ್ಕ್ರೀನ್ ಪ್ರಿಂಟಿಂಗ್ ಹೊಸದಲ್ಲ. ಚೌಕಟ್ಟಿಗೆ ಬಿಗಿದ ತೆಳು ಬಟ್ಟೆಯ ಮೇಲೆ ಬೆಳಕಿಗೆ ಗಟ್ಟಿಯಾಗುವ ಲೇಪನ ಹಚ್ಚಿ, ಫೋಟೊ ಮೂಡಿಸಿ, ರಬ್ಬರ್ ಪಟ್ಟಿಯಿಂದ ಶಾಯಿ ಎಳೆದರೆ ತೆರೆದ ರಂಧ್ರಗಳಿಂದ ಮಾತ್ರ ಅದು ಕೆಳಗೆ ಇಳಿಯುತ್ತದೆ. ಆಗಸ್ಟಿನಲ್ಲಿ ಮರಿಲಿನ್ ಮನ್ರೋ ತೀರಿಕೊಂಡಳು. ವಾರ್ಹೋಲ್ ಅವಳ 1953ರ ‘ನಯಾಗರಾ’ ಸಿನಿಮಾದ ಪ್ರಚಾರದ ಫೋಟೊ ಒಂದನ್ನು ಹಿಡಿದು ಕೆಲಸಕ್ಕೆ ಕೂತ.

ಅವನ ಬಣ್ಣದ ಗುಟ್ಟು ಇರುವುದು ಇಲ್ಲಿ. ಅವನು ಫೋಟೊಗೆ ಬಣ್ಣ ತುಂಬಲಿಲ್ಲ. ಮೊದಲು ಖಾಲಿ ಕ್ಯಾನ್ವಾಸಿನ ಮೇಲೆ ಚಪ್ಪಟೆ ಬಣ್ಣದ ತೇಪೆಗಳನ್ನು ಹಚ್ಚಿದ: ಕೂದಲಿರಬೇಕಾದ ಜಾಗಕ್ಕೆ ನಿಂಬೆಹಳದಿ, ಮುಖದ ಜಾಗಕ್ಕೆ ಗುಲಾಬಿ, ರೆಪ್ಪೆಗೆ ನೀಲಿ, ತುಟಿಗೆ ಕೆಂಪು. ಆ ಹಂತದಲ್ಲಿ ಅದು ಯಾರ ಮುಖವೂ ಅಲ್ಲ. ಆಮೇಲೆ ಅದರ ಮೇಲೆ ಫೋಟೊದ ಕಪ್ಪು ಭಾಗವನ್ನಷ್ಟೇ ಸ್ಕ್ರೀನಿನಿಂದ ಒತ್ತಿದ. ಎರಡೂ ಕರಾರುವಾಕ್ಕಾಗಿ ಕೂಡಲಿಲ್ಲ. ನಮ್ಮ ಪ್ರೆಸ್ಸಿನವರಾದರೆ ‘ಬಣ್ಣ ಸರಿದಿದೆ’ ಎಂದು ಹಾಳೆಯನ್ನು ರದ್ದಿಗೆ ಎಸೆಯುತ್ತಿದ್ದರು. ಅವನು ಹಾಗೇ ಬಿಟ್ಟ. ಹಾಗಾಗಿ ತುಟಿಯ ಕೆಂಪು ತುಟಿಯನ್ನು ದಾಟಿ ಹೊರಬಂದಿದೆ, ರೆಪ್ಪೆಯ ನೀಲಿ ಮುಖವಾಡದಂತೆ ಮೇಲೆ ಕೂತಿದೆ. ಬಣ್ಣ ಅವಳದಲ್ಲ, ಅವಳಿಗೆ ಬಳಿದದ್ದು ಎಂಬುದು ಕಣ್ಣಿಗೆ ರಾಚುತ್ತದೆ. ಸ್ಟುಡಿಯೋದ ಮೇಕಪ್ಪಿನವರು ಅವಳ ಜೀವಮಾನವಿಡೀ ಮಾಡಿದ ಕೆಲಸ ಅದೇ ತಾನೆ?

‘ಮರಿಲಿನ್ ಡಿಪ್ಟಿಕ್’ ಎಂಬ ಜೋಡಿ ಫಲಕದಲ್ಲಿ ಇಂಥ 50 ಮುಖಗಳಿವೆ. ಎಡಕ್ಕೆ ಬಣ್ಣದ 25, ಬಲಕ್ಕೆ ಕಪ್ಪು ಬಿಳುಪಿನ 25. ಬಲಗಡೆ ಒಂದು ಸಾಲಿನಲ್ಲಿ ಶಾಯಿ ಹೆಚ್ಚಾಗಿ ಮುಖವೇ ಮಸಿಯಾಗಿದೆ, ಅಂಚಿಗೆ ಹೋದಂತೆ ಶಾಯಿ ಕಡಿಮೆಯಾಗಿ ಮುಖ ಆವಿಯಾಗಿದೆ. ಪಾಪ್ ಆರ್ಟ್ ಬರೀ ಥಳಕು ಎನ್ನುವವರಿಗೆ ನಾನು ತೋರಿಸುವುದು ಈ ಬಲಭಾಗವನ್ನು. ಅದೇ ವರ್ಷ ಅವನು ದೊಡ್ಡ ಚಿನ್ನದ ಹಿನ್ನೆಲೆಯ ನಡುವೆ ಅವಳ ಪುಟ್ಟ ಮುಖವೊಂದನ್ನೇ ಇಟ್ಟು ಮಾಡಿದ ಚಿತ್ರದಲ್ಲಿ ಪಿಟ್ಸ್‌ಬರ್ಗಿನ ಆ ಸಂತರ ಪಟಗಳ ನೆನಪಿದೆ. 1964ರ ಮರಿಲಿನ್ ಒಂದು 2022ರಲ್ಲಿ ಸುಮಾರು 19.5 ಕೋಟಿ ಡಾಲರಿಗೆ ಹರಾಜಾದದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು.

ಪಾಪ್ ಬಣ್ಣವೆಂದರೆ ವಾರ್ಹೋಲನ ಬಣ್ಣವೊಂದೇ ಎಂದುಕೊಳ್ಳಬಾರದು. ರಾಯ್ ಲಿಕ್ಟನ್‌ಸ್ಟೈನ್ ಕಾಮಿಕ್ಸಿನ ಚೌಕಗಳನ್ನು ಹಿಗ್ಗಿಸುವಾಗ ಅಗ್ಗದ ಮುದ್ರಣದ ಚುಕ್ಕೆಗಳನ್ನೂ ಹಿಗ್ಗಿಸಿದ. ಅವನ ಹುಡುಗಿಯರ ಕೆನ್ನೆಯ ಕೆಂಪು ಚುಕ್ಕೆ ಚುಕ್ಕೆಯಾಗಿರುವುದು ಅದಕ್ಕೇ.

ಕಂಡ ಚಿತ್ರವನ್ನೇ ಎತ್ತಿಕೊಳ್ಳುವ ಈ ಪಂಥಕ್ಕೆ ಒಂದು ಸಾಲ ಬೆನ್ನಿಗಿದೆ: ಮೂಲ ಚಿತ್ರ ಯಾರದು? ವಾರ್ಹೋಲ್ 1964ರಲ್ಲಿ ಬ್ರಿಲ್ಲೋ ಸೋಪು ಪ್ಯಾಡಿನ ರಟ್ಟಿನ ಪೆಟ್ಟಿಗೆಯನ್ನು ಮರದಲ್ಲಿ ಮಾಡಿಸಿ ಪೇರಿಸಿದಾಗ, ಅಸಲಿ ಪೆಟ್ಟಿಗೆಯ ವಿನ್ಯಾಸ ಮಾಡಿದ್ದ ಜೇಮ್ಸ್ ಹಾರ್ವಿ ಸ್ವತಃ ಅಮೂರ್ತ ಚಿತ್ರಕಾರ, ಹೊಟ್ಟೆಪಾಡಿಗೆ ಪೆಟ್ಟಿಗೆ ಬರೆಯುತ್ತಿದ್ದವನು. ಅದೇ ವರ್ಷದ ‘ಫ್ಲವರ್ಸ್’ ಸರಣಿಯ ಹೂಗಳು ದಾಸವಾಳ. ಅವಕ್ಕೆ ಹಚ್ಚಿದ ಬಣ್ಣದ ದೆಸೆಯಿಂದ ಅವನ್ನು ಪ್ಯಾನ್ಸಿ ಎಂದವರೂ ಇದ್ದರು, ಅನಿಮನಿ ಎಂದವರೂ ಇದ್ದರು. ಆದರೆ ಪತ್ರಿಕೆಯೊಂದರಲ್ಲಿ ಬಂದಿದ್ದ ಆ ಫೋಟೊ ತೆಗೆದ ಪೆಟ್ರೀಷಿಯಾ ಕಾಲ್‌ಫೀಲ್ಡ್ ಗುರುತು ಹಿಡಿದರು, 1966ರಲ್ಲಿ ದಾವೆ ಹೂಡಿದರು, ರಾಜಿಯಾಯಿತು. ಆಮೇಲೆ ಅವನು ಹೆಚ್ಚಾಗಿ ತಾನೇ ಪೋಲರಾಯ್ಡ್ ಕ್ಯಾಮೆರಾ ಹಿಡಿದ. 1970ರ ದಶಕದಲ್ಲಿ ಸಿರಿವಂತರು ಸುಮಾರು 25,000 ಡಾಲರು ಕೊಟ್ಟು ಮಾಡಿಸಿಕೊಂಡ ಭಾವಚಿತ್ರಗಳೆಲ್ಲ ಹಾಗೆ ಬಂದವು. ಅವುಗಳಲ್ಲಿ ಬಹುಪಾಲು ನನಗೆ ರುಚಿಸುವುದಿಲ್ಲ. ಅಲ್ಲಿ ಬಣ್ಣ ಗಿರಾಕಿಯ ಮುಖವನ್ನು ಬರೀ ಚಂದಗಾಣಿಸುತ್ತದೆ. ಅದೇ ದಶಕದ ಮಾವೋ ಬೇರೆ ಮಾತು: ಚೀನಾದ ಸರ್ಕಾರಿ ಭಾವಚಿತ್ರಕ್ಕೆ ತುಟಿಬಣ್ಣ, ಕಣ್ಣುಬಣ್ಣ ಮೆತ್ತಿ 15 ಅಡಿಯ ಹತ್ತಿರಕ್ಕೆ ಏರಿಸಿದ್ದಾನೆ.

ವಾರ್ಹೋಲ್ 1987ರಲ್ಲಿ ತೀರಿಕೊಂಡರೂ ಸಾಲದ ಲೆಕ್ಕ ಮುಗಿಯಲಿಲ್ಲ. ಗಾಯಕ ಪ್ರಿನ್ಸ್‌ನ ಫೋಟೊವನ್ನು 1981ರಲ್ಲಿ ತೆಗೆದವರು ಲಿನ್ ಗೋಲ್ಡ್‌ಸ್ಮಿತ್. 1984ರಲ್ಲಿ ‘ವ್ಯಾನಿಟಿ ಫೇರ್’ ಪತ್ರಿಕೆ ಒಂದೇ ಸಲದ ಬಳಕೆಗೆ ಅವರಿಗೆ 400 ಡಾಲರು ಕೊಟ್ಟು, ಅದನ್ನು ಆಧರಿಸಿ ವಾರ್ಹೋಲನಿಂದ ಚಿತ್ರ ಮಾಡಿಸಿತು. ಅವನು ಒಂದರ ಬದಲು 16 ಮಾಡಿಟ್ಟ. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಆ ಪತ್ರಿಕೆಯ ಮಾತೃಸಂಸ್ಥೆ ಅವುಗಳಲ್ಲಿ ಇನ್ನೊಂದನ್ನು ಅಚ್ಚು ಹಾಕಿ ವಾರ್ಹೋಲನ ಪ್ರತಿಷ್ಠಾನಕ್ಕೆ 10,000 ಡಾಲರು ಕೊಟ್ಟಿತು. ಗೋಲ್ಡ್‌ಸ್ಮಿತ್ ಅವರಿಗೆ ಏನೂ ಸಿಗಲಿಲ್ಲ. ಪ್ರತಿಷ್ಠಾನ ಆ ಬಳಕೆಗೆ ಅನುಮತಿ ಕೊಟ್ಟದ್ದನ್ನು ನ್ಯಾಯಸಮ್ಮತ ಎನ್ನಲಾಗದು ಎಂದು ಅಮೆರಿಕದ ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ 7–2ರ ಬಹುಮತದಲ್ಲಿ ತೀರ್ಪಿತ್ತಿತು. 1984ರಲ್ಲಿ ಅಚ್ಚಾದ ಮುಖ ನೇರಳೆ, 2016ರಲ್ಲಿ ಅಚ್ಚಾದದ್ದು ಕಿತ್ತಳೆ. ಎರಡರ ಮೇಲೂ ಕೂತಿರುವ ಕಪ್ಪು ಗೆರೆಗಳು ಅದೇ ಫೋಟೊದವು.