ಪಿನ್ನು ಪೂರ್ತಿ ತಿರುಗಲ್ಲ, ಅದಕ್ಕೇ ದಿನಾ ಗ್ರೀಸು

ಹೋದ ಬೇಸಿಗೇಲಿ ಹಾಸನ ಜಿಲ್ಲೆ ಆಲೂರು ಕಡೆ ಒಂದು ಕೃಷಿ ಹೊಂಡ ತೆಗೀತಿದ್ದಾಗ ನಮ್ಮ ಟ್ರಾಕ್ಟರ್ ಹಿಂದೆ ಮಣ್ಣು ಅಗೆಯೋಕೆ ಕಟ್ಟಿರೋ ಬ್ಯಾಕ್‌ಹೋ ಬೂಮು, ಅಂದ್ರೆ ಅದರ ಉದ್ದ ತೋಳು, ಎಡಕ್ಕೆ ತಿರುಗಿದಾಗಲೆಲ್ಲಾ ಟಕ್ ಅಂತ ಸದ್ದು. ಡ್ರೈವರ್ ಮೂರು ದಿನದಿಂದ ಹೇಳ್ತಾನೇ ಇದ್ದ, "ಅಣ್ಣಾ, ಬುಡದ ಪಿನ್ನು ಸಡ್ಲಾಗಿ ಆಟ ಕೊಡ್ತೈತೆ, ಒಂದ್ಸಲ ಬಿಚ್ಚಿ ನೋಡಣ" ಅಂತ. ನಾನೇ ಹೊಂಡ ಮುಗೀಲಿ ಅಂತ ಮುಂದಕ್ಕೆ ಹಾಕ್ದೆ. ಕೊನೆಗೆ ಬಿಚ್ಚಿದಾಗ ಪಿನ್ನಿನ ಒಂದು ಮಗ್ಗುಲು ಸವೆದು ಮೆಟ್ಟಿಲಿನ ಹಂಗಾಗಿತ್ತು, ಬೆರಳು ಆಡಿಸಿದ್ರೆ ಉಗುರು ಸಿಕ್ಕಾಕೊಳ್ಳೋಷ್ಟು. ಇನ್ನೊಂದು ಮಗ್ಗುಲು ಮಾತ್ರ ಹೊಸ ಪಿನ್ನಿನ ಥರ ಹೊಳೀತಿತ್ತು. ಹೊಳೆಯೋ ಕಡೆ ಗ್ರೀಸು ಮೆತ್ಕೊಂಡು ತುಂಬಿತ್ತು, ಸವೆದ ಕಡೆ ಬರೀ ಒಣ ಕೆಂಪು ಪುಡಿ.

ದಿನಾ ಬೆಳಗ್ಗೆ ಗ್ರೀಸ್ ಹೊಡೀತಿದ್ವಿ, ಒಂದು ದಿನಾನೂ ತಪ್ಪಿಸಿರಲಿಲ್ಲ. ಮತ್ತೆ ಒಂದೇ ಕಡೆ ಯಾಕೆ ಸವೀತು ಅನ್ನೋದು ನನ್ನ ತಲೇಲಿ ಕೂತ್ಬಿಡ್ತು.

ಇದು ತಿಳೀಬೇಕಂದ್ರೆ ಮೊದ್ಲು ಗ್ರೀಸು ಅಂದ್ರೇನು ಅಂತ ನೋಡ್ಬೇಕು. ಗ್ರೀಸು ಅಂದ್ರೆ ಗಟ್ಟಿ ಎಣ್ಣೆ ಅಲ್ಲ, ಎಣ್ಣೇನ ಹಿಡಿದಿಟ್ಕೊಂಡಿರೋ ಸೋಪು. ಅದರಲ್ಲಿ ಹೆಚ್ಚುಪಾಲು ಎಣ್ಣೇನೇ, ಆದ್ರೆ ಸೋಪಿನ ಸಣ್ಣ ಸಣ್ಣ ಎಳೆಗಳು ತೆಂಗಿನ ನಾರಿನ ಹಂಗೆ ಒಂದಕ್ಕೊಂದು ಹೆಣೆದುಕೊಂಡು ಆ ಎಣ್ಣೆ ಹರಿದು ಹೋಗದಂಗೆ ತಡೆದಿರುತ್ತೆ, ಭಾರ ಬಿದ್ದಾಗ, ಉಜ್ಜಿದಾಗ ಅಷ್ಟಷ್ಟೇ ಬಿಡುತ್ತೆ. ಅಂಗಡೀಲಿ ನಮಗೆ ಸಿಗೋ ಲಿಥಿಯಂ ಗ್ರೀಸಿನ ಸೋಪು ಮಾಡೋದು ಏನರಿಂದ ಗೊತ್ತಾ, ಹರಳೆಣ್ಣೆಯಿಂದ! ಹರಳೆಣ್ಣೆಗೆ ಹೈಡ್ರೋಜನ್ ಸೇರಿಸಿ ಅದರಿಂದ ಬರೋ ಕೊಬ್ಬಿನ ಆಮ್ಲಾನ ಲಿಥಿಯಂ ಹೈಡ್ರಾಕ್ಸೈಡ್ ಜೊತೆ ಬೇಯಿಸ್ತಾರೆ, 1940ರ ದಶಕದಿಂದ ಇದು ಬಳಕೇಲಿದೆ. ನಮ್ಮ ತಾತ ಎತ್ತಿನಗಾಡಿ ಗುಂಬಕ್ಕೆ ಹಾಕ್ತಿದ್ದ ಕೀಲೆಣ್ಣೇನೂ ಇದೇ ಜಾತಿಯದ್ದು, ಹುಲ್ಲು ಸುಟ್ಟ ಕರೀನ ಹರಳೆಣ್ಣೇಲಿ ಕಲಸಿ ಬಿದಿರಿನ ಗೊಟ್ಟಕ್ಕೆ ತುಂಬಿ ಗಾಡಿ ಕೆಳಗೆ ನೇತಾಕಿರ್ತಿದ್ರು. ಅಲ್ಲಿ ಎಣ್ಣೇನ ಹಿಡಿದಿಡೋ ಕೆಲಸ ಕರಿ ಪುಡೀದು, ಇಲ್ಲಿ ಸೋಪಿಂದು, ಅಷ್ಟೇ ವ್ಯತ್ಯಾಸ. ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಬೆಳೆಯೋ ಹರಳು ಗಿಡ ಗಾಡಿ ಕಾಲ ಮುಗಿದ್ರೂ ನಮ್ಮ ಮಿಷನ್ ಬಿಟ್ಟು ಹೋಗಿಲ್ಲ ಅಂತ ಗೊತ್ತಾದಾಗ ನನಗಂತೂ ತುಂಬಾ ಖುಷಿಯಾಯ್ತು.

ಡಬ್ಬದ ಮೇಲೆ ಎನ್‌ಎಲ್‌ಜಿಐ 2 ಅಂತ ಇರುತ್ತಲ್ಲ, ಅದು ಗಟ್ಟಿತನದ ನಂಬರ್. 150 ಗ್ರಾಂ ತೂಕದ ಒಂದು ಶಂಕು ಗ್ರೀಸಿನೊಳಕ್ಕೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ಸೆಕೆಂಡಿಗೆ ಎಷ್ಟು ಇಳಿಯುತ್ತೆ ಅಂತ ಅಳೀತಾರೆ, 26.5ರಿಂದ 29.5 ಮಿಲಿಮೀಟರ್ ಇಳಿದ್ರೆ ಅದು 2.

ಈಗ ಪಿನ್ನಿನ ವಿಷಯಕ್ಕೆ ಬರ್ತೀನಿ. 1883ರಲ್ಲಿ ಇಂಗ್ಲೆಂಡಿನ ಬೋಷಾಂಪ್ ಟವರ್ ಅನ್ನೋ ಇಂಜಿನಿಯರ್ ರೈಲು ಗಾಡಿ ಅಚ್ಚಿನ ಬೇರಿಂಗ್ ಮೇಲೆ ಪ್ರಯೋಗ ಮಾಡ್ತಾ ಮೇಲ್ಗಡೆ ಎಣ್ಣೆ ಬಿಡೋಕೆ ಒಂದು ತೂತು ಕೊರೆದ. ಎಣ್ಣೆ ಒಳಗೆ ಹೋಗೋ ಬದ್ಲು ಅಲ್ಲಿಂದ ಮೇಲಕ್ಕೆ ಉಕ್ಕಿ ಬಂತು. ಕಾರ್ಕು ಜಡಿದ್ರೆ ಕಾರ್ಕು ಹೊರಗೆ ಬಂತು, ಮರದ ಬೆಣೆ ಜಡಿದ್ರೆ ಅದೂ ಹೊರಗೆ. ಅಂದ್ರೆ ತಿರುಗ್ತಿರೋ ಅಚ್ಚು ತಾನೇ ಪಂಪಿನ ಹಂಗೆ ಎಣ್ಣೇನ ಇಕ್ಕಟ್ಟಿಗೆ ಎಳ್ಕೊಂಡು, ಆ ಒತ್ತಡದ ಮೇಲೆ ಇಡೀ ಭಾರಾನ ಎತ್ತಿ ತೇಲಿಸ್ತಿತ್ತು, ಕಬ್ಬಿಣ ಬೇರಿಂಗನ್ನ ಮುಟ್ತಾನೇ ಇರ್ಲಿಲ್ಲ. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತ ಬರೆದು ಕೊಟ್ಟ. ನಮ್ಮ ಟ್ರಾಕ್ಟರ್ ಇಂಜಿನ್ನಿನ ಕ್ರ್ಯಾಂಕು ಸಾವಿರಾರು ಗಂಟೆ ಬಾಳೋದು ಇದೇ ತೇಲೋ ಗುಣದಿಂದ.

ಆದ್ರೆ ಇದಕ್ಕೆ ಒಂದು ಷರತ್ತಿದೆ, ಅಚ್ಚು ಒಂದೇ ಸಮ ತಿರುಗ್ತಾ ಇರ್ಬೇಕು. ಬ್ಯಾಕ್‌ಹೋ ಪಿನ್ನು ಯಾವತ್ತೂ ಒಂದು ಸುತ್ತು ಪೂರ್ತಿ ಬರಲ್ಲ, ಸ್ವಲ್ಪ ಆ ಕಡೆ ಹೋಗುತ್ತೆ, ನಿಲ್ಲುತ್ತೆ, ವಾಪಸ್ ಬರುತ್ತೆ, ಅದೂ ನಿಧಾನಕ್ಕೆ, ಅದೂ ಕ್ವಿಂಟಾಲ್‌ಗಟ್ಟಲೆ ಭಾರ ಹೊತ್ಕೊಂಡು. ತೇಲೋಕೆ ಪುರುಸೊತ್ತೇ ಇಲ್ಲ. ಕಬ್ಬಿಣಕ್ಕೆ ಕಬ್ಬಿಣ ಹತ್ಕೊಂಡೇ ಇರುತ್ತೆ, ನಡುವೆ ಉಳಿಯೋದು ತೆಳು ಪೊರೆ ಮಾತ್ರ. ಅದಕ್ಕೇ ಇಂಥ ಕಡೆ ಇಪಿ ಗ್ರೀಸು, ಅಂದ್ರೆ ಭಾರೀ ಒತ್ತಡ ತಡೆಯೋ ಗ್ರೀಸು ಬೇಕು, ಅದರಲ್ಲಿರೋ ಗಂಧಕ, ರಂಜಕದ ರಾಸಾಯನಿಕಗಳು ಬಿಸಿಯಾದ ಕಬ್ಬಿಣದ ಮೇಲೆ ತೆಳ್ಳಗೆ ಪದರ ಕಟ್ಟಿ ತಾವು ಸವೆದು ಪಿನ್ನನ್ನ ಉಳಿಸುತ್ವೆ. ಮಾಲಿ ಗ್ರೀಸು ಅಂತ ಕಪ್ಪಗಿರುತ್ತಲ್ಲ, ಅದರಲ್ಲಿರೋ ಮಾಲಿಬ್ಡಿನಂ ಡೈಸಲ್ಫೈಡ್ ಇಸ್ಪೀಟ್ ಎಲೆ ಥರ ಪದರ ಪದರವಾಗಿ ಜಾರುತ್ತೆ.

ನಮ್ಮ ಪಿನ್ನು ಒಂದೇ ಕಡೆ ಸವೆದದ್ದಕ್ಕೆ ಕಾರಣ ಇಲ್ಲೇ ಸಿಕ್ತು. ನಾವು ಬೆಳಗ್ಗೆ ಗ್ರೀಸ್ ಹೊಡೀತಿದ್ದಾಗ ಬೂಮು ಮೇಲಕ್ಕೆ ಮಡಚಿ ನೇತಾಡ್ತಿರ್ತಿತ್ತು. ಬುಡದಲ್ಲಿ ಮೇಲೊಂದು ಕೆಳಗೊಂದು ಪಿನ್ನಿರುತ್ತೆ, ನೇತಾಡೋ ಬೂಮು ಮೇಲಿನದನ್ನ ಹಿಂದಕ್ಕೆ ಎಳೆಯುತ್ತೆ, ಕೆಳಗಿನದನ್ನ ಮುಂದಕ್ಕೆ ಒತ್ತುತ್ತೆ. ಭಾರ ಕೂತ ಮಗ್ಗುಲಲ್ಲಿ ಸಂದೇ ಇರಲ್ಲ, ಗ್ರೀಸು ಸಲೀಸಾಗಿ ಹೋಗೋ ಖಾಲಿ ಮಗ್ಗುಲಿಗೇ ಹೋಗುತ್ತೆ, ಅಂಚಲ್ಲಿ ಹೊರಗೆ ಬರುತ್ತೆ, ನಾವು ತುಂಬಿತು ಅಂದ್ಕೊಂಡು ಗ್ರೀಸು ಒಳಗೆ ಬಿಡೋ ಮುಂದಿನ ನಿಪ್ಪಲ್‌ಗೆ ಹೋಗ್ತೀವಿ. ಎಷ್ಟು ವರ್ಷ ಹಿಂಗೇ ಮಾಡಿದ್ವೋ ಏನೋ, ನೆನೆಸಿಕೊಂಡ್ರೆ ಈಗಲೂ ಬೇಜಾರಾಗುತ್ತೆ.

ಈಗ ಮೊದ್ಲು ಬಕೆಟ್ ನೆಲಕ್ಕೆ ಊರಿ ಭಾರ ಇಳಿಸ್ತೀವಿ, ಇಂಜಿನ್ ಆಫ್ ಮಾಡಿ ಕೀಲಿ ತೆಗೆದು ಲಿವರ್‌ಗಳನ್ನ ಎರಡೂ ಕಡೆ ಆಡಿಸಿ ಒತ್ತಡ ಬಿಟ್ಟು, ಆಮೇಲೆ ಗ್ರೀಸ್ ಗನ್ ಹಾಕೋದು. ಬುಡದ ಪಿನ್ನಿಗೆ ಒಂದು ಸಲ ಹೊಡೆದು, ಮತ್ತೆ ಸ್ಟಾರ್ಟ್ ಮಾಡಿ ಬೂಮನ್ನ ಎಡಕ್ಕೂ ಬಲಕ್ಕೂ ತಿರುಗಿಸಿ, ಮತ್ತೆ ಅದೇ ಥರ ಊರಿ ಆಫ್ ಮಾಡಿ ಇನ್ನೊಂದು ಸಲ. ಎಂಟು ಹತ್ತು ಗಂಟೆ ಕೆಲಸಕ್ಕೆ ಒಂದು ಸಲ ಎಲ್ಲಾ ನಿಪ್ಪಲ್ಲೂ ಆಗ್ಲೇಬೇಕು. ಹೊಡೆಯೋ ಮುಂಚೆ ನಿಪ್ಪಲ್ ಮೂತಿ ಬಟ್ಟೇಲಿ ಒರೆಸ್ಬೇಕು, ಇಲ್ಲಾಂದ್ರೆ ಮೂತಿ ಮೇಲಿನ ಮಣ್ಣನ್ನ ನಾವೇ ಪಿನ್ನಿಗೆ ಉಣಿಸಿದಂಗೆ. ಕೈಲಿ ಒತ್ತೋ ಗನ್ನೇ 5,000 ಪಿಎಸ್‌ಐ ದಾಟಬಲ್ಲದು, ಕಾರಿನ ಟೈರಲ್ಲಿರೋದು 30-35. ಅಷ್ಟಿದ್ರೂ ಗ್ರೀಸು ಹೋಗ್ತಿಲ್ಲ ಅಂದ್ರೆ ನಿಪ್ಪಲ್ ಒಳಗಿನ ಪುಟ್ಟ ಗುಂಡು ಸಿಕ್ಕಾಕೊಂಡಿರುತ್ತೆ ಇಲ್ಲಾ ದಾರೀಲಿ ಹಳೇ ಗ್ರೀಸು ಕಲ್ಲಾಗಿರುತ್ತೆ. ನಿಪ್ಪಲ್ ಬಿಚ್ಚಿ ನೋಡಿ, ಹೊಸದಕ್ಕೆ ಕೆಲವೇ ರೂಪಾಯಿ. ಅದನ್ನ ಹಂಗೇ ಬಿಟ್ರೆ ಪಿನ್ನಿನ ಸುತ್ತ ಕೂರೋ ಲೋಹದ ಬಳೆ, ಅಂದ್ರೆ ಬುಷ್ ತಿರುವಿಸೋಕೆ ಹಾಸನದ ಲೇತಿಗೆ ಹೊತ್ಕೊಂಡು ಹೋಗೋದೇ.

ಅಂಚಲ್ಲಿ ಹೊರಗೆ ಬರೋ ಹಳೇ ಗ್ರೀಸನ್ನ ಒಂದ್ಸಲ ಎರಡು ಬೆರಳಲ್ಲಿ ಉಜ್ಜಿ ನೋಡಿ, ಗರಗರ ಅನ್ನುತ್ತೆ. ನಮ್ಮ ಜಿಲ್ಲೆ ಮಣ್ಣು ಬಹುಪಾಲು ನೈಸ್ ಅನ್ನೋ ಪಟ್ಟೆ ಪಟ್ಟೆ ಕಲ್ಲು ಪುಡಿಯಾಗಿ ಆದದ್ದು, ಗೊರೂರು ಕಡೆಯ ನೈಸ್ ಅಂತೂ 300 ಕೋಟಿ ವರ್ಷಕ್ಕೂ ಹಳೇದು. ಆ ಕಲ್ಲಲ್ಲಿ ಉಳಿದದ್ದೆಲ್ಲಾ ಕೊಳೆತು ಜೇಡಿಯಾಗುತ್ತೆ, ಬೆಣಚು ಮಾತ್ರ ಕೊಳೆಯಲ್ಲ, ಮರಳಾಗಿ ಹಂಗೇ ಉಳಿಯುತ್ತೆ. ಗಡಸುತನದ ಮೋಸ್ ಅಳತೇಲಿ ಬೆಣಚಿಗೆ 7, ಸಾದಾ ಕಬ್ಬಿಣಕ್ಕೆ 4ರ ಆಸುಪಾಸು. ಸಂದಿಗೆ ಹೋದ ಒಂದೊಂದು ಬೆಣಚು ಹರಳೂ ಉಳಿ ಥರ ಕೆತ್ತುತ್ತೆ. ಹಂಗಾಗಿ ಪಿನ್ನಿನ ಗ್ರೀಸಿಗೆ ಜಾರಿಸೋದಕ್ಕಿಂತ ದೊಡ್ಡ ಕೆಲಸ ಇದು, ಅಂಚಲ್ಲಿ ಗೋಡೆಯಾಗಿ ನಿಂತು ಮಣ್ಣನ್ನ ತಡೆಯೋದು, ಒಳಗೆ ಹೋದದ್ದನ್ನ ಹೊಸ ಗ್ರೀಸು ಬಂದಾಗ ಹೊರಕ್ಕೆ ತಳ್ಳೋದು. ವಾರಕ್ಕೊಂದ್ಸಲ ಜಾಸ್ತಿ ಹೊಡೆದ್ರೆ ಆ ವಾರವೆಲ್ಲಾ ಮರಳು ಒಳಗೇ ಇದ್ದು ಅರೆದಿರುತ್ತೆ.

1 ಮಿಲಿಮೀಟರ್ ಆಟ ತಾನೇ ಅನ್ನೋರಿಗೆ ಒಂದು ಲೆಕ್ಕ ಹೇಳ್ತೀನಿ. ಬುಡದ ಮೇಲಿನ ಬುಷ್ಷಿಗೂ ಕೆಳಗಿನ ಬುಷ್ಷಿಗೂ 20 ಸೆಂಟಿಮೀಟರ್ ಅಂತರ, ಬಕೆಟ್ ಹಲ್ಲು 4 ಮೀಟರ್ ದೂರ ಅಂತಿಟ್ಕೊಳ್ಳಿ. 20 ಸೆಂಟಿಮೀಟರಿಗೆ 1 ಮಿಲಿಮೀಟರ್ ವಾಲಿದ್ರೆ 4 ಮೀಟರಿಗೆ 20 ಮಿಲಿಮೀಟರ್. ಬುಡದಲ್ಲಿ ಕಣ್ಣಿಗೆ ಕಾಣದ್ದು ತುದೀಲಿ 2 ಸೆಂಟಿಮೀಟರ್ ಅಲ್ಲಾಡುತ್ತೆ, ಪ್ರತಿ ಸಲ ಅಷ್ಟು ದೂರದಿಂದ ಬಂದು ಗುದ್ದುತ್ತೆ, ಗುದ್ದಿ ಗುದ್ದಿ ಬುಷ್ ಕೂರೋ ಮನೇನೇ ಮೊಟ್ಟೆ ಆಕಾರ ಆಗುತ್ತೆ, ಆಮೇಲೆ ಆ ತೂತುಗಳನ್ನ ಒಂದೇ ನೇರಕ್ಕೆ ಮತ್ತೆ ಕೊರೆಸೋ ಲೈನ್ ಬೋರಿಂಗ್ ಬಿಟ್ರೆ ದಾರಿ ಇಲ್ಲ.

ಅಂಗಡೀಲಿ ಯಾವ ಡಬ್ಬ ಇದೆಯೋ ಅದನ್ನ ತುಂಬಿಸ್ಬೇಡಿ. ಲಿಥಿಯಂ ಗ್ರೀಸಿಗೆ, ಸೋಪಿನ ಬದ್ಲು ಬೆಂಟೊನೈಟ್ ಅನ್ನೋ ಜೇಡಿ ಹಾಕಿ ಮಾಡಿದ ಗ್ರೀಸು ಬೆರೆತ್ರೆ ಎರಡರ ಹೆಣಿಗೇನೂ ಮುರಿದು ನೀರಾಗಿ ಸೋರಿ ಹೋಗಬಹುದು. ಹೈಡ್ರಾಲಿಕ್ ಹೋಸಿಂದ ಆಯಿಲ್ ಜಿನುಗ್ತಿದ್ರೆ ಕೈಯಿಂದ ಮಾತ್ರ ತಡವಲೇಬೇಡಿ, ಸೂಜಿ ಮೊನೆಯಷ್ಟು ತೂತಿಂದ ಬರೋ ಧಾರೆ ಚರ್ಮ ತೂರಿ ಒಳಗೆ ಹೋಗುತ್ತೆ, ನೋವು ಕಮ್ಮಿ ಇದ್ರೂ ತಕ್ಷಣ ಆಪರೇಷನ್ ಆಗ್ಬೇಕು, ತಡ ಮಾಡಿದ್ರೆ ಬೆರಳೇ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಿ.

ಸಕಲೇಶಪುರ, ಮೂಡಿಗೆರೆ ಕಡೆ ಜೂನ್ ಮಳೆ ಹಿಡೀತು ಅಂದ್ರೆ ಮಿಷನ್ನು ತಿಂಗಳುಗಟ್ಟಲೆ ನಿಂತಿರುತ್ತೆ. ನಿಲ್ಲಿಸೋ ದಿನ ಎಲ್ಲಾ ಪಿನ್ನಿಗೂ ಹೊಸ ಗ್ರೀಸು ಹೊರಗೆ ಬರೋವರೆಗೂ ಹೊಡೆದು, ಸಿಲಿಂಡರ್ ರಾಡುಗಳನ್ನ ಆದಷ್ಟೂ ಒಳಗೆ ಎಳೆದಿಟ್ಟು, ಹೊರಗೆ ಉಳಿದ ಕ್ರೋಮ್ ರಾಡಿಗೆ ತೆಳ್ಳಗೆ ಗ್ರೀಸ್ ಸವರಿ ಬಿಡ್ತೀವಿ, ತುಕ್ಕು ಹಿಡೀದಂಗೆ. ಮಳೆ ಕಳೆದು ತೋಟದಲ್ಲಿ ಟ್ರೆಂಚ್ ಕೆಲಸ ಶುರುವಾಗೋ ದಿನ, ಲಿವರ್ ಮುಟ್ಟೋ ಮುಂಚೆ ಆ ರಾಡಿನ ಗ್ರೀಸನ್ನ ಪೂರ್ತಿ ಒರೆಸಿ ತೆಗೀಬೇಕು, ಮರೆತ್ರೆ ಅದಕ್ಕೆ ಅಂಟಿದ ಮಣ್ಣೆಲ್ಲಾ ಮೊದಲ ಸ್ಟ್ರೋಕಲ್ಲೇ ಸೀಲಿಗೆ ಹೋಗಿ ಕೂರುತ್ತೆ.