ಹಿಗ್ಗಿದ ಪೈಪನ್ನು ಹಿಗ್ಗಿದಂತೆಯೇ ಬಿಡಬೇಡಿ

ಖಾಲಿ ಇದ್ದಾಗ 5 ಮೀಟರ್, ನೀರು ತುಂಬಿದಾಗ 15 ಮೀಟರ್. ಕೈತೋಟಕ್ಕೆ ನೀರುಣಿಸುವ ಹಿಗ್ಗುವ ಪೈಪುಗಳು ಜನಕ್ಕೆ ಹಿಡಿಸಿದ್ದೇ ಈ ಗುಣದಿಂದ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಒಡೆದುಹೋಗುತ್ತವೆ ಎಂಬ ದೂರೂ ಅಷ್ಟೇ ಪ್ರಸಿದ್ಧ. ದೂರು ನಿಜವೇ, ಆದರೆ ಅದಕ್ಕೆ ಕೊಡುವ ಕಾರಣ ಹೆಚ್ಚಿನ ಸಲ ತಪ್ಪು. ‘ದಿನಾ ಹಿಗ್ಗಿ ಕುಗ್ಗಿ ರಬ್ಬರ್ ಸವೆದುಹೋಯಿತು’ ಎನ್ನುತ್ತಾರೆ. ಹಿಗ್ಗುವುದು, ಕುಗ್ಗುವುದು ರಬ್ಬರಿಗೆ ಹುಟ್ಟುಗುಣ. ನೈಸರ್ಗಿಕ ರಬ್ಬರನ್ನು ಜೋರಾಗಿ ಎಳೆದಾಗ ಅದರ ಉದ್ದನೆಯ ಅಣುಸರಪಳಿಗಳು ಒಂದೇ ದಿಕ್ಕಿಗೆ ತಿರುಗಿ, ಅಲ್ಲಲ್ಲಿ ಸ್ಫಟಿಕಗಳಾಗಿ ಕೂಡಿಕೊಂಡು, ಬಿರುಕು ಮುಂದುವರಿಯದಂತೆ ತಡೆಯುತ್ತವೆ. ಪೈಪಿನ ಆಯುಷ್ಯ ಕಳೆಯುವುದು ನೀರು ಹಾಕಿ ಮುಗಿದ ಮೇಲೆ, ನಲ್ಲಿ ತೆರೆದೇ ಇಟ್ಟು ನಾಜಲ್ ಮಾತ್ರ ಮುಚ್ಚಿ, ಉಬ್ಬಿದ ಪೈಪನ್ನು ಬಿಸಿಲಿನಲ್ಲಿ ಬಿಟ್ಟು ಬರುವ ಆ ಗಂಟೆಗಳಲ್ಲಿ.

ಒಳಗಿನ ರಚನೆ ನೋಡಿದರೆ ಇದು ಅರ್ಥವಾಗುತ್ತದೆ. ನೀರನ್ನು ಹಿಡಿದಿಡುವ ಒಳಕೊಳವೆ ಲೇಟೆಕ್ಸಿನದು, ಅಂದರೆ ನೈಸರ್ಗಿಕ ರಬ್ಬರಿನದು. ಇಲ್ಲವೇ ಟಿಪಿಇ ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿನದು. ಅದರ ಮೇಲೆ ಪಾಲಿಯೆಸ್ಟರ್ ನೂಲಿನಿಂದ ನೇಯ್ದ ಕವಚ. ಇವೆರಡನ್ನೂ ಉದ್ದಕ್ಕೂ ಎಲ್ಲಿಯೂ ಅಂಟಿಸಿರುವುದಿಲ್ಲ, ಎರಡು ತುದಿಗಳ ಕಪ್ಲಿಂಗಿನಲ್ಲಿ ಮಾತ್ರ ಒಟ್ಟಿಗೆ ಬಿಗಿದಿರುತ್ತಾರೆ. ಕವಚದ ನಿಜವಾದ ಉದ್ದ 15 ಮೀಟರ್. 5 ಮೀಟರ್ ಕೊಳವೆಯ ಮೇಲೆ ಅದು ಲಾಡಿ ಎಳೆದ ಚೀಲದ ಬಾಯಿಯಂತೆ ನೆರಿಗೆ ನೆರಿಗೆಯಾಗಿ ಕುಳಿತಿರುತ್ತದೆ. ನೆರಿಗೆಯೆಲ್ಲ ಬಿಚ್ಚಿದಲ್ಲಿಗೆ ಹಿಗ್ಗುವುದೂ ಮುಗಿಯಿತು.

ಒತ್ತಡದಲ್ಲಿರುವ ತೆಳುಗೋಡೆಯ ಯಾವುದೇ ಕೊಳವೆಯ ಮೇಲೆ ಎರಡು ಎಳೆತಗಳಿರುತ್ತವೆ: ಒಂದು ಸುತ್ತಳತೆಯ ಗುಂಟ, ಇನ್ನೊಂದು ಉದ್ದದ ಗುಂಟ. ಮೊದಲನೆಯದು ಎರಡನೆಯದರ ಎರಡರಷ್ಟು. ಹಾಗಾಗಿ ಬರೀ ರಬ್ಬರ್ ಕೊಳವೆಗೆ ನೀರು ಬಿಟ್ಟರೆ ಅದು ಉದ್ದವಾಗುವುದಕ್ಕಿಂತ ಮೊದಲು ಎಲ್ಲೋ ಒಂದು ಕಡೆ ದಪ್ಪಗಾಗುತ್ತದೆ. ಕವಚ ಈ ದಪ್ಪಗಾಗುವಿಕೆಗೆ ಬೇಲಿ ಹಾಕುತ್ತದೆ. ರಬ್ಬರ್ ಹಿಗ್ಗಿ ಬಟ್ಟೆಗೆ ತಾಗಿದ ಕೂಡಲೇ ಸುತ್ತಳತೆಯ ಹೊರೆ ಬಟ್ಟೆಯ ಪಾಲಾಗುತ್ತದೆ. ಉದ್ದದ ದಿಕ್ಕಿನಲ್ಲಿ ಮಾತ್ರ ನೆರಿಗೆಗಳಿಂದಾಗಿ ದಾರಿ ತೆರೆದಿರುತ್ತದೆ. ನಾಜಲ್ ಮುಚ್ಚಿದ ಪೈಪಿನ ಒಳವ್ಯಾಸ 19 ಮಿ.ಮೀ., ಒತ್ತಡ 3 ಬಾರ್ ಎಂದುಕೊಂಡರೆ, ತುದಿಯನ್ನು ಮುಂದಕ್ಕೆ ನೂಕುವ ಬಲ ಸುಮಾರು 85 ನ್ಯೂಟನ್. ಎಂಟೂವರೆ ಕಿಲೊ ತೂಕವನ್ನು ತುದಿಗೆ ತೂಗುಬಿಟ್ಟಷ್ಟು ಎಳೆತ ಇದು. ನಾಜಲ್ ಇಲ್ಲದೆ ತುದಿ ಬಿಚ್ಚಿಟ್ಟರೆ ಒಳಗೆ ಒತ್ತಡ ನಿಲ್ಲುವುದಿಲ್ಲ, ಪೈಪು ಹಿಗ್ಗುವುದಿಲ್ಲ. ಹೊಸ ಪೈಪು ಕೆಟ್ಟಿದೆ ಎಂದು ಅಂಗಡಿಗೆ ಮರಳಿಸುವವರಲ್ಲಿ ನಾಜಲ್ ಹಾಕದೆ ಪರೀಕ್ಷಿಸಿದವರೂ ಇರುತ್ತಾರೆ.

ಹಿಗ್ಗುವಾಗ ರಬ್ಬರಿನ ಗೋಡೆಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರಬ್ಬರಿನ ಘನಗಾತ್ರ ಬದಲಾಗುವುದಿಲ್ಲ, ಆಕಾರ ಮಾತ್ರ ಬದಲಾಗುತ್ತದೆ. ಕುಗ್ಗಿರುವಾಗ ಗೋಡೆಯ ದಪ್ಪ 2 ಮಿ.ಮೀ., ತ್ರಿಜ್ಯ 5 ಮಿ.ಮೀ. ಇರಲಿ. ಉದ್ದ ಮೂರು ಪಟ್ಟಾಗಿ ತ್ರಿಜ್ಯ 9.5 ಮಿ.ಮೀ.ಗೆ ಏರಿದಾಗ ಅದೇ ರಬ್ಬರ್ ಅಷ್ಟು ದೊಡ್ಡ ಮೇಲ್ಮೈಗೆ ಹರಡಬೇಕು. ಲೆಕ್ಕ ಹಾಕಿದರೆ ಗೋಡೆಯ ದಪ್ಪ ಸುಮಾರು 0.35 ಮಿ.ಮೀ.ಗೆ ಇಳಿಯುತ್ತದೆ. ನೀರಿಗೂ ಹೊರಗಿನ ಜಗತ್ತಿಗೂ ನಡುವೆ ಇರುವುದು ಇಷ್ಟೇ ರಬ್ಬರ್. ಅದರಾಚೆಯ ರಕ್ಷಣೆಯೆಲ್ಲ ಬಟ್ಟೆಯದು.

ಈಗ ಕವಚದಲ್ಲಿ ಒಂದೆಡೆ ನಾಲ್ಕಾರು ನೂಲು ಹರಿದವು ಎನ್ನೋಣ. ಬಟ್ಟೆಯ ಆಸರೆ ತಪ್ಪಿದ ಕಡೆ ಪೂರ್ತಿ ಹೊರೆ ರಬ್ಬರಿನ ಮೇಲೆ ಬೀಳುತ್ತದೆ. ಮೇಲಿನ ಅಳತೆಗಳಿಗೆ ಅದು ಪ್ರತಿ ಚದರ ಮಿ.ಮೀ.ಗೆ ಸುಮಾರು 800 ಗ್ರಾಂ ತೂಕದ ಎಳೆತ. ಒಳ್ಳೆಯ ರಬ್ಬರ್ ತಡೆಯುವುದು ಚದರ ಮಿ.ಮೀ.ಗೆ 2ರಿಂದ 3 ಕಿಲೊವರೆಗೆ, ಹಾಗಾಗಿ ತಕ್ಷಣಕ್ಕೆ ಅಪಾಯವಿಲ್ಲ. ಆದರೆ ಎಳೆತಕ್ಕೆ ಆ ಜಾಗ ಉಬ್ಬುತ್ತದೆ. ಉಬ್ಬಿದಾಗ ತ್ರಿಜ್ಯ ಹೆಚ್ಚುತ್ತದೆ, ತ್ರಿಜ್ಯ ಹೆಚ್ಚಿದಷ್ಟೂ ಎಳೆತ ಹೆಚ್ಚುತ್ತದೆ. ಜೊತೆಗೆ ಗೋಡೆ ತೆಳ್ಳಗಾಗುವುದರಿಂದ ಅದೇ ಎಳೆತವನ್ನು ಹೊರಲು ರಬ್ಬರೂ ಕಡಿಮೆಯಾಗುತ್ತದೆ. ತ್ರಿಜ್ಯ ಎರಡರಷ್ಟಾದರೆ ಗೋಡೆ ಅರ್ಧವಾಗಿ ಎಳೆತ ನಾಲ್ಕರಷ್ಟಾಗುತ್ತದೆ. 800 ಗ್ರಾಂ ಇದ್ದದ್ದು 3 ಕಿಲೊ ದಾಟಿತು, ಪೈಪು ಒಡೆಯಿತು. ಒತ್ತಡ ಒಂದಿಷ್ಟೂ ಏರದೆ ಇದೆಲ್ಲ ನಡೆದುಹೋಗುತ್ತದೆ. ‘ಏನೂ ಮಾಡಿರಲಿಲ್ಲ, ತಾನಾಗಿ ಸಿಡಿಯಿತು’ ಎಂಬ ಮಾತಿನ ಹಿಂದಿರುವುದು ಸಾಮಾನ್ಯವಾಗಿ ಈ ಸರಣಿ. ಕವಚದಲ್ಲಿ ಕಡಲೆ ಗಾತ್ರದ ಉಬ್ಬು ಕಂಡರೆ ಆ ಪೈಪಿಗೆ ಮತ್ತೆ ಒತ್ತಡ ಕೊಡಬಾರದು.

ನೀರು ಹಿಡಿಯುವ ಕೆಲಸ ಒಂದಕ್ಕೆ, ಬಲ ಹೊರುವ ಕೆಲಸ ಇನ್ನೊಂದಕ್ಕೆ ಎಂಬ ಈ ಹಂಚಿಕೆ ಹಿಗ್ಗುವ ಪೈಪಿಗಿಂತ ಬಹಳ ಹಳೆಯದು. 1670ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಾನ್ ವಾನ್ ಡೆರ್ ಹೇಡೆನ್, ಬೆಂಕಿ ನಂದಿಸುವ ಯಂತ್ರಕ್ಕೆ ಬಾಗುವ ಚರ್ಮದ ಪೈಪು ಹೊಲಿಸಿದ. ಈತ ಹೆಸರಾಂತ ಚಿತ್ರಕಾರನೂ ಹೌದು. ಅಲ್ಲಿ ಎರಡೂ ಕೆಲಸ ಚರ್ಮದ್ದೇ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದ ರಬ್ಬರ್ ಸೆಕೆಗೆ ಕರಗದು, ಚಳಿಗೆ ಪೆಡಸಾಗದು ಎಂದು ಕಂಡುಕೊಂಡ ಮೇಲೆ, ಒಳಗೆ ರಬ್ಬರ್ ಹೊರಗೆ ನೇಯ್ದ ಬಟ್ಟೆ ಇರುವ ಪೈಪುಗಳು ಬಂದವು. ಅಗ್ನಿಶಾಮಕ ದಳದವರ ಪೈಪು ಇಂದಿಗೂ ಅದೇ ಜಾತಿಯದು. ಹಿಗ್ಗುವ ಪೈಪಿಗೆ ಮೈಕಲ್ ಬೆರಾರ್ಡಿ ಎಂಬ ಅಮೆರಿಕದ ಸಂಶೋಧಕನಿಗೆ ಪೇಟೆಂಟ್ ದೊರೆತದ್ದು 2012ರಲ್ಲಿ. ಬಟ್ಟೆಯನ್ನು ರಬ್ಬರಿಗೆ ಅಂಟಿಸದೆ ಸಡಿಲ ಬಿಟ್ಟದ್ದೇ ಇಲ್ಲಿನ ಜಾಣ್ಮೆ.

ಗುಡ್‌ಇಯರನ ಗಂಧಕ ರಬ್ಬರಿನ ಒಂದು ದೌರ್ಬಲ್ಯವನ್ನು ಹಾಗೆಯೇ ಉಳಿಸಿತು. ನೈಸರ್ಗಿಕ ರಬ್ಬರಿನ ಅಣುಸರಪಳಿಯಲ್ಲಿ ಇಂಗಾಲದ ಜೋಡಿಬಂಧಗಳು ಸಾಲುಸಾಲಾಗಿವೆ. ಓಜೋನ್ ಅನಿಲ ಆ ಬಂಧಗಳನ್ನು ಕತ್ತರಿಸುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ನೂರು ಕೋಟಿ ಅಣುಗಳಿಗೆ ಕೆಲವು ಹತ್ತು ಮಾತ್ರ ಓಜೋನ್ ಅಣುಗಳಿದ್ದರೂ ರಬ್ಬರಿಗೆ ಅಷ್ಟು ಸಾಕು. ಕುಗ್ಗಿ ಕುಳಿತ ರಬ್ಬರಿನಲ್ಲಿ ಈ ದಾಳಿ ಮೇಲ್ಪದರದಲ್ಲೇ ನಿಂತುಬಿಡುತ್ತದೆ. ಎಳೆದು ಹಿಡಿದ ರಬ್ಬರಿನಲ್ಲಿ ಕತ್ತರಿಸಿದ ಜಾಗ ಬಾಯಿ ಬಿಡುತ್ತದೆ, ಒಳಗಿನ ಹೊಸ ಮೇಲ್ಮೈ ಗಾಳಿಗೆ ತೆರೆದುಕೊಳ್ಳುತ್ತದೆ, ಬಿರುಕು ಎಳೆತಕ್ಕೆ ಅಡ್ಡಲಾಗಿ ಆಳಕ್ಕಿಳಿಯುತ್ತದೆ. ಕವಚ ಬಿಸಿಲನ್ನು ತಡೆದರೂ ಗಾಳಿಯನ್ನು ತಡೆಯುವುದಿಲ್ಲ. ನೆಲಮಟ್ಟದ ಓಜೋನ್ ಹೆಚ್ಚಿರುವುದೂ ಬಿಸಿಲೇರಿದ ಮಧ್ಯಾಹ್ನಗಳಲ್ಲಿ. ಬೆಳಿಗ್ಗೆ ನೀರು ಹಾಕಿ ಉಬ್ಬಿದ ಪೈಪನ್ನು ಸಂಜೆಯವರೆಗೆ ಬಿಟ್ಟರೆ ಮೂರು ಪಟ್ಟು ಎಳೆದ, 0.35 ಮಿ.ಮೀ. ದಪ್ಪದ ರಬ್ಬರನ್ನು ಅದರ ವೈರಿಯ ಕೈಗೆ ಕೊಟ್ಟಂತೆಯೇ.

ಟಿಪಿಇ ಕೊಳವೆಗೆ ಓಜೋನಿನ ಕಾಟ ಕಡಿಮೆ, ಏಕೆಂದರೆ ಅದರ ಹಲವು ಬಗೆಗಳಲ್ಲಿ ಜೋಡಿಬಂಧಗಳೇ ಇಲ್ಲ. ಆದರೆ ಅದರ ಸರಪಳಿಗಳನ್ನು ಕಟ್ಟಿಹಿಡಿದಿರುವ ಗಂಟುಗಳು ಶಾಖಕ್ಕೆ ಮೆತ್ತಗಾಗುತ್ತವೆ. ಬಿಸಿಲಿನಲ್ಲಿ ಉಬ್ಬಿಕೊಂಡೇ ಉಳಿದರೆ ಗಂಟುಗಳು ಸರಿದು, ಕೊಳವೆ ಹಳೆಯ ಉದ್ದಕ್ಕೆ ಮರಳುವುದಿಲ್ಲ. ಆದ್ದರಿಂದ ಪೈಪು ತಂದ ದಿನವೇ ಖಾಲಿ ಇದ್ದಾಗಿನ ಉದ್ದವನ್ನು ಅಳೆದು ಬರೆದಿಡುವುದು ಒಳ್ಳೆಯದು. 5 ಮೀಟರ್ ಇದ್ದದ್ದು ಆರೂವರೆಗೆ ಬಂದಿದ್ದರೆ ರಬ್ಬರ್ ದಣಿದಿದೆ ಎಂದರ್ಥ.

ಬಳಸುವ ಕ್ರಮ ಹೀಗೆ. ಕಪ್ಲಿಂಗಿನೊಳಗೆ ವಾಷರ್ ಚಪ್ಪಟೆಯಾಗಿ ಕುಳಿತಿದೆಯೇ ನೋಡಿ, ಕೈಯಿಂದಲೇ ಬಿಗಿಯಿರಿ. ಸ್ಪ್ಯಾನರ್ ಹಾಕಿದರೆ ವಾಷರ್ ಜಜ್ಜಿ ಸೋರಿಕೆ ಇನ್ನಷ್ಟು ಹೆಚ್ಚುತ್ತದೆ. ಪೈಪನ್ನು ತಿರುಚಿಲ್ಲದಂತೆ ನೆಲದ ಮೇಲೆ ನೇರವಾಗಿ ಹಾಸಿ, ನಾಜಲ್ ಮುಚ್ಚಿ, ಹತ್ತು ಸೆಕೆಂಡಾದರೂ ತೆಗೆದುಕೊಂಡು ನಲ್ಲಿಯನ್ನು ಮೆಲ್ಲಗೆ ತೆರೆಯಿರಿ. ನೆರಿಗೆಗಳು ಎಲ್ಲೆಡೆ ಸಮನಾಗಿ ಬಿಚ್ಚಿಕೊಳ್ಳಲು ಇಷ್ಟು ಸಮಯ ಬೇಕು. ಪೂರ್ತಿ ಹಿಗ್ಗಿದ ಮೇಲೆ ನಾಜಲ್ ಒತ್ತಿ. ಗೋಡೆಯ ಮೂಲೆ, ಕುಂಡದ ಅಂಚು, ಮುಳ್ಳುಗಿಡಗಳ ಮೇಲೆ ಎಳೆದಾಡಬೇಡಿ; ಮೊದಲು ಹರಿಯುವುದು ಕವಚದ ನೂಲು, ಆಮೇಲಿನ ಕಥೆ ಮೇಲೆ ಹೇಳಿದ್ದೇ.

ಕೆಲಸ ಮುಗಿದ ಮೇಲೆ ಮೊದಲು ನಲ್ಲಿ ಮುಚ್ಚಬೇಕು, ಆಮೇಲೆ ನಾಜಲ್ ತೆರೆದು ಹಿಡಿಯಬೇಕು. ರಬ್ಬರ್ ತಾನೇ ಕುಗ್ಗುತ್ತ ನೀರನ್ನು ಹೊರಗೆ ತಳ್ಳುತ್ತದೆ. ನಂತರ ನಲ್ಲಿಯಿಂದ ಬಿಚ್ಚಿ, ಒಂದು ತುದಿಯಿಂದ ಎತ್ತುತ್ತ ಬಂದರೆ ಉಳಿದ ನೀರೂ ಇಳಿಯುತ್ತದೆ. ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವಲ್ಲಿ ಇದನ್ನು ಒಂದು ದಿನವೂ ಬಿಡುವಂತಿಲ್ಲ, ಮಂಜುಗಡ್ಡೆ ಸುಮಾರು 9 ಪ್ರತಿಶತ ಜಾಗ ಹೆಚ್ಚು ಬೇಡುತ್ತದೆ. ಕವಚಕ್ಕೆ ಕೆಸರು ಮೆತ್ತಿದ್ದರೆ ತೊಳೆದು ನೆರಳಿನಲ್ಲಿ ಒಣಗಿಸಿ, ಏಕೆಂದರೆ ನೇಯ್ಗೆಯೊಳಕ್ಕೆ ನುಸುಳಿದ ಮರಳು ಹಿಗ್ಗಿ ಕುಗ್ಗುವಾಗಲೆಲ್ಲ ರಬ್ಬರನ್ನು ಉಜ್ಜುತ್ತದೆ. ಬಕೆಟ್ಟಿನಲ್ಲೋ ಚೀಲದಲ್ಲೋ ಸಡಿಲವಾಗಿ ತುಂಬಿಡಬಹುದು. ಮೊಳೆಗೆ ನೇತುಹಾಕಿದರೆ ಒಂದೇ ಜಾಗ ಮಡಿಸಿಕೊಂಡು ಎಳೆತಕ್ಕೆ ಸಿಗುತ್ತದೆ. ಕಿಡಿ ಹಾರುವ ವಿದ್ಯುತ್ ಮೋಟಾರಿನ ಬಳಿಯಂತೂ ಇಡಲೇಬಾರದು, ಆ ಕಿಡಿಗಳು ಓಜೋನ್ ಹುಟ್ಟಿಸುತ್ತವೆ.

ಪೈಪು ಅರ್ಧವೇ ಹಿಗ್ಗುತ್ತದೆ ಎಂಬ ದೂರಿಗೆ ಕಾರಣ ಬಹುಪಾಲು ಒತ್ತಡದ ಕೊರತೆ. ಪೂರ್ತಿ ಹಿಗ್ಗಲು ಸಾಮಾನ್ಯವಾಗಿ 2ರಿಂದ 3 ಬಾರ್ ಬೇಕು. ನೀರಿನ ಮಟ್ಟ 10 ಮೀಟರ್ ಎತ್ತರದಲ್ಲಿದ್ದರೆ ಸಿಗುವುದು ಸುಮಾರು 1 ಬಾರ್. ತಾರಸಿಯ ಟ್ಯಾಂಕು ನಲ್ಲಿಗಿಂತ 4 ಮೀಟರ್ ಮೇಲಿದ್ದರೆ 0.4 ಬಾರ್ ಅಷ್ಟೇ. ಅಂಥ ಮನೆಗೆ ಈ ಪೈಪು ತಕ್ಕದ್ದಲ್ಲ, ಸಾಮಾನ್ಯ ಪಿವಿಸಿ ಪೈಪೇ ಮೇಲು. ಇದಕ್ಕೆ ವಿರುದ್ಧವಾದ ತಪ್ಪು, ಪಂಪಿಗೆ ನೇರವಾಗಿ ಜೋಡಿಸುವುದು. 60 ಮೀಟರ್ ಎತ್ತಬಲ್ಲ ಪಂಪು ನಾಜಲ್ ಮುಚ್ಚಿದ ಕ್ಷಣದಲ್ಲಿ 6 ಬಾರ್‌ವರೆಗೆ ಒತ್ತಡ ಕೊಡಬಲ್ಲದು. ಪೈಪಿನ ಚೀಟಿಯಲ್ಲಿರುವ ಗರಿಷ್ಠ ಒತ್ತಡ ಅದಕ್ಕಿಂತ ಕಡಿಮೆ ಇದ್ದರೆ ನಡುವೆ ಒತ್ತಡ ಇಳಿಸುವ ವಾಲ್ವ್ ಬೇಕೇ ಬೇಕು.

ರಬ್ಬರ್ ಮೆತ್ತಗಿರಲೆಂದು ಎಣ್ಣೆಯನ್ನೋ ವ್ಯಾಸಲೀನನ್ನೋ ಸವರುವ ರೂಢಿ ಎಷ್ಟು ಹೇಳಿದರೂ ಹೋಗುತ್ತಿಲ್ಲ. ಇದು ಆರೈಕೆಯಲ್ಲ, ಹಾನಿ. ಎಣ್ಣೆ ನೈಸರ್ಗಿಕ ರಬ್ಬರಿನೊಳಕ್ಕೆ ಇಳಿದು ಸರಪಳಿಗಳನ್ನು ದೂರ ತಳ್ಳುತ್ತದೆ. ರಬ್ಬರ್ ಊದಿಕೊಳ್ಳುತ್ತದೆ, ಬಲ ಕಳೆದುಕೊಳ್ಳುತ್ತದೆ. ಮೆತ್ತಗಾಯಿತು ಎಂದು ಕೈಗೆ ಅನ್ನಿಸುವುದು ಆ ದುರ್ಬಲತೆಯೇ.

ಹಿತ್ತಾಳೆಯ ಕಪ್ಲಿಂಗ್ ಪ್ಲಾಸ್ಟಿಕ್ಕಿಗಿಂತ ಒಳ್ಳೆಯದು, ಆದರೆ ಅದಕ್ಕೂ ಒಂದು ಶತ್ರುವಿದೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನಾ ನೆಲೆಗಳಲ್ಲಿ, ಕುದುರೆಲಾಯಗಳ ಹತ್ತಿರ ಇಟ್ಟ ಬಂದೂಕಿನ ಹಿತ್ತಾಳೆಯ ತೋಟಾಗಳು ಮಳೆಗಾಲದಲ್ಲಿ ತಾವಾಗಿ ಸೀಳುತ್ತಿದ್ದವು. ಲಾಯದ ಗಂಜಲದಿಂದೇಳುವ ಅಮೋನಿಯಾ, ತೇವ, ಲೋಹದಲ್ಲಿ ಮೊದಲೇ ಉಳಿದಿದ್ದ ಎಳೆತ, ಈ ಮೂರೂ ಸೇರಿದ್ದೇ ಕಾರಣವೆಂದು ವಿವರಣೆ ಸಿಕ್ಕಿದ್ದು 1921ರಲ್ಲಿ. ಅಮೋನಿಯಂ ಲವಣವಿರುವ ದ್ರವ ಗೊಬ್ಬರವನ್ನು ಪೈಪಿನ ಮೂಲಕ ಹಾಯಿಸುವವರು ಕೊನೆಗೆ ಎರಡು ನಿಮಿಷ ಬರೀ ನೀರು ಬಿಟ್ಟು ಕಪ್ಲಿಂಗ್ ತೊಳೆಯಬೇಕು.

ಕೊಳ್ಳುವಾಗ ‘3750 ಡಿ’ ಎಂಬಂಥ ದೊಡ್ಡ ಅಂಕಿಗೆ ಮರುಳಾಗಬೇಡಿ. ಡಿ ಅಂದರೆ ಡೀನಿಯರ್, 9000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ಅದು ನೂಲಿನ ದಪ್ಪ ಹೇಳುತ್ತದೆ, ನೇಯ್ಗೆ ಎಷ್ಟು ಒತ್ತಾಗಿದೆ ಎಂಬುದನ್ನಲ್ಲ. ಕವಚವನ್ನು ಎರಡು ಹೆಬ್ಬೆರಳಿನಿಂದ ಅಗಲಿಸಿ ನೋಡಿ. ನೂಲುಗಳ ನಡುವೆ ಒಳಗಿನ ರಬ್ಬರ್ ಇಣುಕಿದರೆ ಆ ಪೈಪು ಬೇಡ.

ಒಡೆದದ್ದು ಕಪ್ಲಿಂಗಿನ ಹತ್ತಿರವಾದರೆ ರಿಪೇರಿ ಸಾಧ್ಯ. ಹೆಚ್ಚಿನವು ಒಡೆಯುವುದೂ ಅಲ್ಲೇ, ಏಕೆಂದರೆ ಹಿಗ್ಗುವ ರಬ್ಬರ್ ಹಿಗ್ಗದ ಲೋಹವನ್ನು ಸೇರುವ ಜಾಗ ಅದು. ರಬ್ಬರಿಗೆ ಅಂಟಿಸಿದ ಟೇಪು, ತೇಪೆ ಯಾವುದೂ ಮೂರು ಪಟ್ಟು ಹಿಗ್ಗುವುದಿಲ್ಲವಾದ್ದರಿಂದ ಮೊದಲ ಸಲಕ್ಕೇ ಕಿತ್ತು ಬರುತ್ತದೆ. ಕವಚ ಒದ್ದೆಯಾದ ಕಡೆಯೇ ತೂತಿದೆ ಎಂದು ನಂಬಬೇಡಿ, ನೀರು ರಬ್ಬರಿಗೂ ಬಟ್ಟೆಗೂ ನಡುವೆ ಹರಿದು ದೂರದಲ್ಲಿ ಹೊರಬೀಳಬಹುದು. ಖಾಲಿ ಮಾಡಿ ಕುಗ್ಗಿಸಿದ ಪೈಪಿನ ಕವಚವನ್ನು ಹಿಂದಕ್ಕೆ ಸರಿಸಿ ತೂತು ಹುಡುಕಿ, ಅದರಿಂದ 2-3 ಸೆಂ.ಮೀ. ಆಚೆಗೆ ಒಳ್ಳೆಯ ರಬ್ಬರಿನಲ್ಲಿ ನೇರವಾಗಿ ಕತ್ತರಿಸಿ. ರಿಪೇರಿ ಕಪ್ಲಿಂಗಿನ ಬಳೆಯಂಥ ಬಿಗಿಯುವ ತಿರುಪನ್ನು ಮೊದಲೇ ಪೈಪಿಗೆ ತೂರಿಸಿಟ್ಟುಕೊಳ್ಳಿ, ಆಮೇಲೆ ಅದು ಒಳಗೆ ಹೋಗದು. ಕಪ್ಲಿಂಗಿನ ಹಲ್ಲುಗಳಿಗೆ ಸೋಪಿನ ನೀರು ಸವರಿ, ರಬ್ಬರನ್ನು ಬುಡ ಮುಟ್ಟುವವರೆಗೆ ತಳ್ಳಿ. ಅದರ ಮೇಲೆ ಕವಚವನ್ನೂ ಅಷ್ಟೇ ದೂರ ಎಳೆದು, ಎರಡೂ ಒಟ್ಟಿಗೆ ಸಿಕ್ಕಿಕೊಳ್ಳುವಂತೆ ತಿರುಪು ಬಿಗಿಯಿರಿ. ಕವಚ ಹೊರಗುಳಿದರೆ ಆ 85 ನ್ಯೂಟನ್ ಬಲವನ್ನು ರಬ್ಬರ್ ಒಂದೇ ಹೊರಬೇಕಾಗಿ, ನಲ್ಲಿ ತೆರೆದ ಕೂಡಲೇ ಕಪ್ಲಿಂಗ್ ಕಳಚಿ ಹಾರುತ್ತದೆ. ನಡುವೆ ಒಡೆದ ಪೈಪನ್ನೂ ಹೀಗೇ ಕತ್ತರಿಸಿ ಜೋಡಿಸಬಹುದು. ಆದರೆ ಕತ್ತರಿಸಿದ ತುಂಡನ್ನು ಬಾಗಿಸಿ ನೋಡಿದಾಗ ಮೇಲ್ಮೈಯಲ್ಲಿ ಸಣ್ಣ ಅಡ್ಡ ಬಿರುಕುಗಳು ಕಂಡರೆ ಅದು ಓಜೋನಿನ ಗುರುತು. ಉಳಿದ ರಬ್ಬರಿನ ಸ್ಥಿತಿಯೂ ಅದೇ ಆಗಿರುವುದರಿಂದ ಅಂಥ ಪೈಪಿಗೆ ಕಪ್ಲಿಂಗಿನ ಖರ್ಚು ದಂಡ.