ಒಂಟೆಯ ಡುಬ್ಬದಲ್ಲಿ ನೀರಿಲ್ಲ

ಒಂಟೆಯ ಡುಬ್ಬದಲ್ಲಿ ನೀರು ತುಂಬಿರುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವ ದೊಡ್ಡವರು ಈಗಲೂ ಇದ್ದಾರೆ. ಅಲ್ಲಿರುವುದು ಕೊಬ್ಬು. ಸ್ವಲ್ಪ ಓದಿಕೊಂಡವರು ಇಷ್ಟಕ್ಕೆ ಬಿಡುವುದಿಲ್ಲ, ‘ಕೊಬ್ಬು ಕರಗಿದರೆ ನೀರಾಗುತ್ತದಲ್ಲ?’ ಎನ್ನುತ್ತಾರೆ. ಆಗುತ್ತದೆ, ಒಂದು ಕಿಲೋ ಕೊಬ್ಬಿಗೆ ಒಂದು ಲೀಟರಿಗಿಂತ ತುಸು ಹೆಚ್ಚೇ. ಆದರೆ ಅದನ್ನು ಉರಿಸಲು ಆಮ್ಲಜನಕ ಬೇಕು. ಅದಕ್ಕಾಗಿ ಮರುಭೂಮಿಯ ಒಣಗಾಳಿಯನ್ನು ಎಳೆದು ಬಿಡಬೇಕು, ಬಿಟ್ಟ ಪ್ರತಿ ಉಸಿರೂ ಶ್ವಾಸಕೋಶದ ತೇವವನ್ನು ಹೊತ್ತೊಯ್ಯುತ್ತದೆ. ಕೂಡಿ ಕಳೆದರೆ ಏನೂ ಗಿಟ್ಟುವುದಿಲ್ಲ. ಡುಬ್ಬವಿರುವುದು ಮೇವಿಲ್ಲದ ದಿನಗಳಿಗೆ.

ಹಾಗಾದರೆ ನೀರಿನ ಗುಟ್ಟೇನು? 1953–54ರಲ್ಲಿ ಕ್ನುಟ್ ಶ್ಮಿಟ್-ನೀಲ್ಸನ್ ಎಂಬ ಶರೀರವಿಜ್ಞಾನಿ ಅಲ್ಜೀರಿಯಾದ ಬೆನಿ ಅಬ್ಬೆಸ್ ಓಯಸಿಸ್‌ನಲ್ಲಿ ಒಂಟೆಗಳಿಗೆ ಥರ್ಮಾಮೀಟರ್ ಹಚ್ಚಿ ನೋಡಿದರು. ಹೊಟ್ಟೆತುಂಬ ನೀರು ಕುಡಿದ ಒಂಟೆಯ ಮೈತಾಪ ದಿನಕ್ಕೆ ಎರಡು ಡಿಗ್ರಿಯಷ್ಟು ಏರಿಳಿಯುತ್ತದೆ. ನೀರು ನಿಲ್ಲಿಸಿದರೆ ಆಟವೇ ಬೇರೆ: ನಸುಕಿನಲ್ಲಿ 34 ಡಿಗ್ರಿ, ಮಧ್ಯಾಹ್ನ 40 ದಾಟುತ್ತದೆ. ನಮಗಾದರೆ ಅದು ಆಸ್ಪತ್ರೆ ಸೇರುವ ಜ್ವರ. ಒಂಟೆಗೆ ಅದು ಉಳಿತಾಯ. 500 ಕಿಲೋ ತೂಕದ ಮೈಯನ್ನು ಆರು ಡಿಗ್ರಿ ಏರಿಸುವ ಶಾಖವನ್ನು ಬೆವರಿ ಕಳೆಯುವುದಾದರೆ ನಾಲ್ಕೈದು ಲೀಟರ್ ನೀರು ಬೇಕು. ಒಂಟೆ ಬೆವರುವುದನ್ನು ಮುಂದೂಡಿ ಆ ಶಾಖವನ್ನು ಮೈಯಲ್ಲೇ ಇಟ್ಟುಕೊಳ್ಳುತ್ತದೆ, ಮರುಭೂಮಿಯ ತಣ್ಣನೆಯ ರಾತ್ರಿ ಅದನ್ನು ಪುಕ್ಕಟೆಯಾಗಿ ಎಳೆದುಕೊಳ್ಳುತ್ತದೆ. ಇನ್ನೊಂದು ಲಾಭವೂ ಉಂಟು. ಮೈ ಬಿಸಿಯಾದಷ್ಟೂ ಹೊರಗಿನ ಗಾಳಿಗೂ ಅದಕ್ಕೂ ಅಂತರ ಕಡಿಮೆ, ಒಳಗೆ ನುಗ್ಗುವ ಶಾಖವೂ ಕಡಿಮೆ.

ಅವರು ಒಂದು ಒಂಟೆಯ ಉಣ್ಣೆಯನ್ನೂ ಕತ್ತರಿಸಿ ನೋಡಿದರು. ಬೋಳಾದ ಒಂಟೆ ಸುಮಾರು ಅರ್ಧಪಟ್ಟು ಹೆಚ್ಚು ಬೆವರಿತು! ಸುಡುಬಿಸಿಲಿನಲ್ಲೂ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಕಾಯುವವರಿಗೆ ಇದೇನೂ ಹೊಸ ಸುದ್ದಿಯಲ್ಲ.

ಮೈತೂಕದ ಕಾಲುಭಾಗದಷ್ಟು ನೀರು ಕಳೆದುಕೊಂಡರೂ ಒಂಟೆ ಬದುಕುತ್ತದೆ, ಸಿಕ್ಕಾಗ ಹತ್ತೇ ನಿಮಿಷದಲ್ಲಿ ನೂರು ಲೀಟರಿನಷ್ಟು ಹೀರಿಬಿಡುತ್ತದೆ. ಅದರ ಕೆಂಪು ರಕ್ತಕಣಗಳು ಅಂಡಾಕಾರದವು. ರಕ್ತ ತೆಳುವಾದಾಗ ಅವು ಎರಡು ಪಟ್ಟು ಉಬ್ಬಿದರೂ ಒಡೆಯುವುದಿಲ್ಲ.

ಇನ್ನು, ಒಂಟೆಯೆಂದರೆ ಮರಳುಗುಡ್ಡ ಮಾತ್ರ ಎಂದುಕೊಂಡವರು ಕಚ್ಛ್‌ನ ಕರಾವಳಿಗೆ ಹೋಗಬೇಕು. ಅಲ್ಲಿನ ಖಾರಾಯಿ ಒಂಟೆಗಳು ಕತ್ತೆತ್ತಿಕೊಂಡು ಸಮುದ್ರದಲ್ಲಿ ಈಜುತ್ತವೆ! ಫಕೀರಾಣಿ ಜತ್ ಮತ್ತು ರಬಾರಿ ಸಮುದಾಯದವರು ಸಾಕುವ ಈ ತಳಿಗೆ 2015ರಲ್ಲಿ ಪ್ರತ್ಯೇಕ ಮಾನ್ಯತೆ ಸಿಕ್ಕಿತು. ನಡುಗಡ್ಡೆಗಳ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಉಪ್ಪುಪ್ಪಾದ ಎಲೆಗಳೇ ಇವುಗಳ ಮೇವು. ಸಮುದ್ರದ ನೀರಿಗಿಂತ ಗಾಢವಾದ ಮೂತ್ರ ಮಾಡಬಲ್ಲ ಒಂಟೆಯ ಮೂತ್ರಪಿಂಡಕ್ಕೆ ಆ ಉಪ್ಪನ್ನು ಹೊರಹಾಕುವುದು ಕಷ್ಟವಲ್ಲ. ಕುಡಿಯುವುದಕ್ಕೆ ಮಾತ್ರ ಸಿಹಿನೀರೇ ಬೇಕು. ಮಳೆಗಾಲದಲ್ಲಿ ನಡುಗಡ್ಡೆಯ ಹೊಂಡಗಳಲ್ಲೇ ಅದು ಸಿಗುತ್ತದೆ. ಹೊಂಡ ಬತ್ತಿದ ಮೇಲೆ ಕೆಲವು ದಿನಗಳಿಗೊಮ್ಮೆ ಹಿಂಡು ಈಜಿಕೊಂಡು ದಡಕ್ಕೆ ಬರುತ್ತದೆ.